ಈರುಳ್ಳಿ ಬೇರು ಕತ್ತರಿಸುವ ಹೊತ್ತು

ಈ ಕೆಲಸಕ್ಕೆ ನನಗೆ ಏನೇನು ಬಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ಬೆಳಗಿನ ನಿದ್ದೆ. ಎರಡು ಮೂಟೆ ಈರುಳ್ಳಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ನಾಲ್ಕು ತಾಲ್ಲೂಕಿನ ಸುತ್ತು, ಅದೂ ಎರಡೆರಡು ಸಲ. ಬಲಗೈ ಹೆಬ್ಬೆರಳಿನ ಉಗುರು. ಉಗುರು ಈಗ ಮತ್ತೆ ಬರುತ್ತಿದೆ. ನಿದ್ದೆ ಬರಲಿಲ್ಲ. ಇಷ್ಟೆಲ್ಲ ಬಿದ್ದದ್ದು ಎರಡೇ ಎರಡು ತಪ್ಪಿಗೆ. ನೋಡಲು ಚೆಂದವಾದ ಈರುಳ್ಳಿ ಕೊಂಡೆ. ಅದರ ಬೇರನ್ನು ನನಗೆ ಪುರುಸೊತ್ತಾದ ಹೊತ್ತಿನಲ್ಲಿ ಕತ್ತರಿಸಿದೆ.

ನಾನು ಶಾಲೆ ಕಾಲೇಜುಗಳ ಲ್ಯಾಬಿಗೆ ಸಾಮಾನು ಹಾಕುವವನು. ಮನೆ ಪಾಲಹಳ್ಳಿಯಲ್ಲಿ. ಒಂದು ಹಳೆಯ ಓಮ್ನಿ ವ್ಯಾನು, ಹಿಂದುಗಡೆ ಗಾಜಿನ ಸಾಮಾನು, ಅದರ ನಡುವೆ ತುರುಕಿದ ಹಳೇ ಪೇಪರು, ಇಷ್ಟೇ ನನ್ನ ಅಂಗಡಿ. ಜೀವಕೋಶ ಹೇಗೆ ಎರಡಾಗುತ್ತದೆ ಅನ್ನುವುದನ್ನು ಮಕ್ಕಳು ಮೈಕ್ರೋಸ್ಕೋಪಿನಲ್ಲಿ ನೋಡಬೇಕಲ್ಲ, ಅದಕ್ಕೆ ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಸೀಲು ಮಾಡಿದ ರೆಡಿ ಸ್ಲೈಡುಗಳು ಬರುತ್ತವೆ. ವರ್ಷವರ್ಷವೂ ಅವನ್ನೇ ಮಾರುತ್ತಿದ್ದೆ. ಒಂದು ಸಲ ಕೊಂಡರೆ ಒಡೆಯುವವರೆಗೂ ನಡೆಯುತ್ತದೆ. ಆದ್ದರಿಂದ ಅದರಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ.

ಈ ಸಲ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಾಗ ನಾಗಮಂಗಲದ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನ ಜೀವಶಾಸ್ತ್ರದ ಮೇಡಂ ಬೇರೆಯದೇ ಕೇಳಿದರು. ಅವರು ಅತಿಥಿ ಉಪನ್ಯಾಸಕಿ. ವರ್ಷಕ್ಕೊಮ್ಮೆ ಮುಂದುವರಿಸಿದರೆ ಕೆಲಸ, ಇಲ್ಲದಿದ್ದರೆ ಮನೆ.

"ಅಣ್ಣ, ಈ ಸಲ ಮಕ್ಳು ಕೈಯಾರೆ ಸ್ಲೈಡ್ ಮಾಡ್ಲಿ ಅಂತ ಪ್ರಿನ್ಸಿಪಾಲ್ರಿಗೆ ನಾನೇ ಹೇಳ್ಬುಟ್ಟಿದೀನಿ. ರೆಡಿ ಸ್ಲೈಡು ಬ್ಯಾಡ. ಈರುಳ್ಳಿ ಬೇರಿನ ತುದಿ ಫಿಕ್ಸ್ ಮಾಡಿ ತಂದ್ಕೊಡ್ತೀರಾ?"

"ಅದೇನ್ ದೊಡ್ಡ ಕೆಲ್ಸ ಮೇಡಂ, ತರ್ತೀನಿ ಬುಡಿ" ಅಂದುಬಿಟ್ಟೆ.

ನಾಲಿಗೆಗೆ ಮೂಳೆ ಇಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಒಂದು ಕಾಲೇಜಿಗೆ ಮಾಡುವ ಕೆಲಸ ನಾಲ್ಕಕ್ಕೂ ಆಗುತ್ತದೆ ಅಂತ ಲೆಕ್ಕ ಹಾಕಿ, ವಾಪಸು ಬರುವ ದಾರಿಯಲ್ಲಿ ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಕಾಲೇಜಿಗೂ, ಮಾರನೆಯ ದಿನ ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ಹೋಗಿ ಇದನ್ನೇ ಹೊಸ ಸರಕು ಅಂತ ಒಪ್ಪಿಸಿಬಂದೆ. ಒಂದೇ ಒಂದು ಬೇರನ್ನೂ ಆವರೆಗೆ ನಾನು ಕತ್ತರಿಸಿದವನಲ್ಲ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಈರುಳ್ಳಿಯ ತಳವನ್ನು ನೀರಿಗೆ ತಾಗಿಸಿ ಇಟ್ಟರೆ ಬಿಳಿಯ ಬೇರು ಇಳಿಯುತ್ತದೆ. ಆ ಬೇರು ಉದ್ದವಾಗುವುದು ತುದಿಯಲ್ಲಿ ಮಾತ್ರ. ಅಲ್ಲಿನ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೇರನ್ನು ಮುಂದಕ್ಕೆ ತಳ್ಳುತ್ತವೆ. ಆ ತುದಿಯನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್ಡು ಮೂರು ಪಾಲು ಆಲ್ಕೊಹಾಲು ಬೆರೆಸಿದ ದ್ರಾವಣಕ್ಕೆ ತಕ್ಷಣ ಹಾಕಬೇಕು. ಕೋಶಗಳು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದವೋ ಹಾಗೆಯೇ ನಿಂತುಬಿಡುತ್ತವೆ. ಇದಕ್ಕೇ ಫಿಕ್ಸ್ ಮಾಡುವುದು ಅನ್ನುತ್ತಾರೆ. ಆಮೇಲೆ ಬಣ್ಣ ಹಾಕಿ, ಬಿಸಿ ತೋರಿಸಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಕೋಶಗಳು ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಪುಸ್ತಕದಲ್ಲಿ ಇದು ಅರ್ಧ ಪುಟ.

ಈರುಳ್ಳಿಗೆ ಪಾಂಡವಪುರದ ಮಂಡಿಗೆ ಹೋದೆ. ಅಲ್ಲಿನ ವ್ಯಾಪಾರಿ ನನಗೆ ಹಳಬ. ಹೊಸ ಬೆಳೆ ಆಗತಾನೆ ಇಳಿದಿತ್ತು. ಕೆಂಪಗೆ, ಗಟ್ಟಿಯಾಗಿ, ಸಿಪ್ಪೆ ಹೊಳೆಯುತ್ತಿತ್ತು. ಒಂದೊಂದನ್ನೂ ಹಿಸುಕಿ ನೋಡಿ ಒಂದು ಮೂಟೆ ಆರಿಸಿದೆ. ಅರ್ಧ ಗಂಟೆ ಚೌಕಾಸಿ ಮಾಡಿದೆ. ಅವನಿಗೇ ಸಾಕಾಗಿಹೋಯಿತು.

"ಅಣ್ಣ, ಸಾರಿಗಾ ಇದು? ಅಲ್ಲ ತಾನೆ. ನೀರಲ್ಲಿ ಇಡಕ್ಕೆ ಅಂತೀಯ. ಅಗೋ ಆ ಮೂಲೇಲಿ ಅಳೇ ಮಾಲು ಬಿದ್ದೈತೆ, ಮೊಳಕೆ ಬಂದೈತೆ, ಅರ್ಧ ರೇಟಿಗೆ ಎತ್ಕೊಂಡೋಗು."

ಆ ಮೂಲೆಯನ್ನು ನೋಡಿದೆ. ಸುಕ್ಕುಬಿದ್ದ ಗೆಡ್ಡೆ, ತಲೆಯಲ್ಲಿ ಹಸಿರು ಕೋಡು, ತಳದಲ್ಲಿ ಬಿಳೀ ಗಡ್ಡ.

"ನನ್ನ ಏನಂದ್ಕೊಂಡಿದೀಯಲಾ? ಕಾಲೇಜಿಗೆ ಕಣ್ಲಾ ಹೋಗೋದು ಇದು" ಅಂದೆ.

ಮನೆಗೆ ತಂದು, ಹಜಾರದ ಉದ್ದಕ್ಕೂ ಗಾಜಿನ ಲೋಟ, ಜಾಮಿನ ಬಾಟಲಿ, ಮದುವೆ ಮನೆಯಿಂದ ತಂದ ಐಸ್‌ಕ್ರೀಮು ಕಪ್ಪು ಎಲ್ಲದರ ಮೇಲೂ ಈರುಳ್ಳಿ ಕೂರಿಸಿದೆ. ಎರಡು ದಿನ ಹೋಯಿತು, ನಾಲ್ಕು ದಿನ ಹೋಯಿತು. ಗೆಡ್ಡೆಗಳು ದೇವರ ಮುಂದೆ ಕುಳಿತಂತೆ ಸುಮ್ಮನೆ ಕುಳಿತಿದ್ದವು. ಅಲ್ಲೊಂದು ಇಲ್ಲೊಂದಕ್ಕೆ ಮೂರು ನಾಲ್ಕು ಎಳೆ ಇಳಿದಿತ್ತು, ಅಷ್ಟೆ.

ನಮ್ಮನೆಯವಳು ಕಾಲಿಡಲು ಜಾಗವಿಲ್ಲದೆ ಸೀರೆ ಎತ್ತಿಕೊಂಡು ದಾಟುತ್ತಿದ್ದಳು. "ಸಾರಿಗಾದ್ರೂ ಎರಡು ಕೊಡ್ರೀ. ಇವೇನು ಬೇರು ಬುಡೋ ಅಂಗೆ ಕಾಣಾಕಿಲ್ಲ. ನಮ್ಮ ಅಡುಗೆಮನೆ ಬುಟ್ಟೀಲಿ ಮರೆತೋಗಿರೋವೇ ಬುಡ್ತವೆ."

ಹೆಂಗಸರ ಮಾತು ಅಂತ ಕೇಳಿಸಿಕೊಳ್ಳಲಿಲ್ಲ. ಇದು ಮೂರನೆಯ ತಪ್ಪು ಅಂತಲೂ ಎಣಿಸಬಹುದು.

ಎಂಟು ಒಂಬತ್ತು ದಿನಕ್ಕೆ ಹೇಗೋ ಒಂದಷ್ಟು ಬೇರು ಸಿಕ್ಕಿತು. ಬೆಳಿಗ್ಗೆಯೆಲ್ಲ ನನ್ನ ವ್ಯಾನು ಕಾಲೇಜುಗಳ ಸುತ್ತು. ಕಬ್ಬಿನ ಟ್ರಾಕ್ಟರುಗಳು ಕಾರ್ಖಾನೆಗೆ ಸಾಲುಹಿಡಿದ ಕಾಲ ಅದು. ಒಂದರ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಮನೆ ಸೇರಿ ಊಟ ಮಾಡಿ, ಸ್ವಲ್ಪ ಅಡ್ಡಾಗಿ, ಮೂರೂವರೆ ನಾಲ್ಕಕ್ಕೆ ಕತ್ತರಿ ಹಿಡಿಯುತ್ತಿದ್ದೆ. ಒಂದೊಂದು ಅಂಗುಲದ ಉದ್ದಕ್ಕೆ ಕತ್ತರಿಸಿ ದ್ರಾವಣಕ್ಕೆ ಹಾಕಿ, ಮಾರನೆಯ ದಿನ ಆಲ್ಕೊಹಾಲಿಗೆ ಬದಲಾಯಿಸಿ, ಸಣ್ಣ ಬಾಟಲಿಗಳಿಗೆ ತುಂಬಿ, ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿ ನಾಲ್ಕೂ ಕಾಲೇಜಿಗೆ ಮುಟ್ಟಿಸಿದೆ. ಕೈ ತೊಳೆದುಕೊಂಡೆ.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ನಾಗಮಂಗಲದ ಮೇಡಂ ಫೋನು ಮಾಡಿದರು.

"ಅಣ್ಣ, ಒಂದ್ಸಲ ಬಂದ್ಹೋಗಿ."

"ಏನಾಯ್ತು ಮೇಡಂ?"

"ಬಾಯಲ್ಲಿ ಹೇಳೋ ಅಂಥದ್ದಲ್ಲ. ಬಂದು ನೀವೇ ನೋಡಿ."

ಹೋದೆ. ಲ್ಯಾಬಿನಲ್ಲಿ ಮಕ್ಕಳು ಅಭ್ಯಾಸಕ್ಕೆ ಮಾಡಿದ ಸ್ಲೈಡುಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲನೆಯದಕ್ಕೆ ಕಣ್ಣು ಹಾಕಿದೆ. ಇಟ್ಟಿಗೆ ಗೋಡೆ. ಒಂದೊಂದು ಇಟ್ಟಿಗೆಯ ಒಳಗೂ ಒಂದು ಕೆಂಪು ಚುಕ್ಕೆ, ಅಷ್ಟೆ. ಎರಡನೆಯದೂ ಗೋಡೆ. ಐದನೆಯದೂ ಗೋಡೆ. ಕೋಶ ಎರಡಾಗುವ ಮೊದಲು ಒಳಗಿನ ವರ್ಣತಂತುಗಳು ದಪ್ಪವಾಗಿ, ದಾರದ ತುಂಡುಗಳಂತೆ ಬೇರೆಬೇರೆ ಕಾಣಿಸಬೇಕು. ಎಲ್ಲಿಯೂ ಒಂದು ದಾರವಿರಲಿಲ್ಲ.

ನಾನು ಮೊದಲು ಬಣ್ಣದ ಮೇಲೆ ಹಾಕಿದೆ. ಹೊಸ ಬಾಟಲಿ ಬಣ್ಣ ತೆಗೆದು ತೋರಿಸಿದರು. ಮೈಕ್ರೋಸ್ಕೋಪಿನ ಮೇಲೆ ಹಾಕಿದೆ. ಅದನ್ನು ಮಾರಿದವನು ನಾನೇ ಅಂತ ನೆನಪಿಸಿದರು. ಕೊನೆಗೆ ಮಕ್ಕಳ ಕೈಯ ಮೇಲೆ ಹಾಕಿದೆ.

"ಹಂಗಾದ್ರೆ ನೀವೇ ಮಾಡಿ ಅಣ್ಣ" ಅಂತ ಮೇಡಂ ಸ್ಟೂಲು ಎಳೆದರು.

ಮಾಡಿದೆ. ತುದಿ ತೆಗೆದು, ಬಣ್ಣದಲ್ಲಿ ಎರಡು ಹನಿ ಆಸಿಡ್ಡು ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಬಿಸಿ ತೋರಿಸಿ, ಗಾಜಿನ ಮೇಲಿಟ್ಟು, ಬ್ಲಾಟಿಂಗ್ ಪೇಪರು ಮಡಿಸಿ ಒತ್ತಿದೆ. ಸುತ್ತಲೂ ಹೆಣ್ಣುಮಕ್ಕಳು ನಿಂತು ನೋಡುತ್ತಿದ್ದರು. ಒತ್ತುವ ರಭಸಕ್ಕೆ ಮೇಲಿನ ತೆಳು ಗಾಜು ಒಡೆದು ಉಗುರಿನ ಸಂದಿಗೆ ನುಗ್ಗಿತು. ರಕ್ತ ಒರೆಸಿಕೊಂಡು ಎರಡನೆಯದು ಮಾಡಿದೆ. ಗೋಡೆ.

ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ ಒಬ್ಬಳು ಹುಡುಗಿ ಕೇಳಿದಳು: "ಅಣ್ಣ, ಸತ್ತೋಗಿರೋ ಬೇರು ತಂದಿದ್ರಾ?"

"ಫಿಕ್ಸ್ ಮಾಡೋದು ಅಂದ್ರೆ ಸಾಯ್ಸೋದೇ ಕಣವ್ವ."

"ಅದಲ್ಲ ಅಣ್ಣ. ನೀವು ಸಾಯ್ಸೋಕೆ ಮುಂಚೇನೇ ಅದು ಬೆಳೆಯೋದು ನಿಲ್ಸಿತ್ತಾ ಅಂತ."

ಉಳಿದವರು ಕಿಸಕ್ಕನೆ ನಕ್ಕರು. ನಾನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡೆ.

ಮಕ್ಕಳು ಹೋದ ಮೇಲೆ ನಾನು ನನ್ನ ವ್ಯಾಪಾರದ ಬುದ್ಧಿ ತೆಗೆದೆ. "ಮೇಡಂ, ವ್ಯಾನಲ್ಲಿ ರೆಡಿ ಸ್ಲೈಡು ಅವೆ. ಪರೀಕ್ಷೆ ದಿನ ಮಕ್ಳು ಏನಾದ್ರೂ ಮಾಡ್ಕೊಳ್ಲಿ. ಮೈಕ್ರೋಸ್ಕೋಪಿನ ಕೆಳಗೆ ಇವನ್ನ ಇಟ್ಬುಡಣ. ಎಷ್ಟೋ ಕಡೆ ಇಂಗೇ ನಡೀತದೆ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸುಸ್ತಾದವರ ಹಾಗೆ ಸ್ಟೂಲಿನ ಮೇಲೆ ಕುಳಿತರು.

"ನನಗೂ ಹೂಂ ಅನ್ನೋ ಮನಸ್ಸಿದೆ ಅಣ್ಣ. ಆದ್ರೆ ಈ ಸಲ ಬರೋ ಪರೀಕ್ಷಕರು ಮಕ್ಳು ಮಾಡಿದ ಸ್ಲೈಡೇ ನೋಡ್ತಾರಂತೆ. ಇಟ್ಟಿದ್ದು ಗೊತ್ತಾದ್ರೆ ಇವ್ರ ಮಾರ್ಕ್ಸೂ ಹೋಯ್ತು, ನನ್ನ ಕೆಲ್ಸಾನೂ ಹೋಯ್ತು. ಇಡದಿದ್ರೆ, ತೋರ್ಸೋಕೆ ಏನೂ ಇಲ್ಲ. ಮಾಡಿಸ್ತೀನಿ ಅಂತ ಎಲ್ಲರೆದುರು ಬಾಯಿಬಿಟ್ಟವಳು ನಾನೇ."

ಬಾಯಿ ಬಿಟ್ಟವನು ನಾನೂ ಹೌದು. ವಾಪಸು ಬರುವಾಗ ಗಾಯದ ಉಗುರು ಸ್ಟೇರಿಂಗಿಗೆ ತಗುಲಿದಾಗಲೆಲ್ಲ ಆ ಹುಡುಗಿಯ ಪ್ರಶ್ನೆಯೇ ನೆನಪಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬೆಳಗೊಳಕ್ಕೆ ಹೋದೆ. ಅಲ್ಲಿ ಒಬ್ಬರು ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಇದ್ದಾರೆ. ನನ್ನ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಯಾವ ಈರುಳ್ಳೀಲಾ?"

"ಒಸಾ ಬೆಳೆ ಸಾ. ಪಸ್ಟ್ ಕ್ಲಾಸು ಗೆಡ್ಡೆ."

"ಅದೇ ಮೊದಲ್ನೇ ತಪ್ಪು. ಒಸಾ ಗೆಡ್ಡೆ ಮಲಗಿರ್ತದೆ ಕಣ್ಲಾ. ಕಿತ್ತ ಮ್ಯಾಲೆ ಒಂದಷ್ಟು ಕಾಲ ಅದು ಬೇರೂ ಬುಡಲ್ಲ, ಮೊಳಕೇನೂ ಬುಡಲ್ಲ. ನೀನು ಮಲಗಿರೋನ ಕೈಲಿ ಗೆಯ್ಸಕ್ಕೆ ಓಗಿದೀಯ. ಎಷ್ಟೊತ್ತಿಗೆ ಕುಯ್ದೆ?"

"ಊಟ ಆದ್ಮೇಲೆ, ಮೂರೂವರೆ ನಾಲ್ಕು."

ಮೇಷ್ಟ್ರು ಬಾಟಲಿ ಕೆಳಗಿಟ್ಟರು. "ಯಾಕೆ, ಬೆಳಗ್ಗೆ ಈರುಳ್ಳಿಗೇನು ಆಫೀಸಿತ್ತಾ?"

"ನಂಗೆ ಪುರುಸೊತ್ತಿರಲಿಲ್ಲ ಸಾ."

"ನಿನ್ನ ಪುರುಸೊತ್ತು ಅದಕ್ಕೆಂಗೆ ಗೊತ್ತಾಗ್ತದ್ಲಾ? ವ್ಯಾಪಾರ ನೋಡ್ಕೊಂಡು ಕುಯ್ದಿದೀಯ, ಬೇರು ನೋಡ್ಕೊಂಡಲ್ಲ."

ಆಮೇಲೆ ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ಒಂದು ದೊಡ್ಡ ಸುತ್ತು ಬರೆದರು. ಒಂದು ಕೋಶ ಹುಟ್ಟಿ ತಾನು ಎರಡಾಗುವವರೆಗಿನ ಸುತ್ತು ಅದು, ಹೆಚ್ಚುಕಮ್ಮಿ ಒಂದು ದಿನದ್ದು. ಅದರಲ್ಲಿ ಬಹುಪಾಲು ಹೊತ್ತು ಹೊರಗೆ ಏನೂ ಕಾಣುವುದಿಲ್ಲ. ಕೋಶ ತಿಂದು ದೊಡ್ಡದಾಗುತ್ತಿರುತ್ತದೆ. ನಂತರ ತನ್ನಲ್ಲಿರುವ ವರ್ಣತಂತುಗಳ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಮಾಡಿದ್ದು ಸರಿಯಿದೆಯೇ ಅಂತ ಇನ್ನೊಂದು ಸಲ ನೋಡಿಕೊಳ್ಳುತ್ತದೆ. ಇಷ್ಟಕ್ಕೂ ಸೇರಿ ಇಂಟರ್‌ಫೇಸ್ ಅಂತ ಹೆಸರು. ನಾವು ನೋಡಿದ ಇಟ್ಟಿಗೆ ಗೋಡೆ ಅದೇ. ನಿಜವಾಗಿ ಎರಡಾಗುವ ಕೆಲಸಕ್ಕೆ ಮೇಷ್ಟ್ರು ಆ ಸುತ್ತಿನಲ್ಲಿ ಒಂದು ಸಣ್ಣ ಚೂರನ್ನು ಗೀಚಿ ತೋರಿಸಿದರು. ಒಂದೆರಡು ಗಂಟೆಯ ಮಾತು.

"ಚೆನ್ನಾಗಿ ಬೆಳೀತಿರೋ ಬೇರಲ್ಲೂ ಯಾವಾಗ ನೋಡಿದ್ರೂ ಕೆಲವೇ ಈ ಚೂರಲ್ಲಿ ಇರೋದು. ಬೆಳಗಿನೊತ್ತು ಜಾಸ್ತಿ ಸಿಗ್ತವೆ, ಎಂಟರ ಆಸುಪಾಸು. ಬೆಳೆಯೋದು ನಿಂತಿರೋ ಬೇರಲ್ಲಿ ಒಂದೂ ಇರಲ್ಲ. ಆಮೇಲೆ ಇದೇನಿದು, ಅಂಗುಲ ಉದ್ದ ಕುಯ್ದಿದೀಯ? ಕೆಲ್ಸ ನಡೆಯೋದು ತುದೀಲಿ, ಎಳ್ಳುಕಾಳಿನಷ್ಟು ಜಾಗದಲ್ಲಿ. ಮಿಕ್ಕಿದ್ದೆಲ್ಲ ಬರೀ ಉದ್ದ ಕಣ್ಲಾ."

ನಾನು ಎದ್ದು ನಿಂತಾಗ ಅವರ ಕಣ್ಣು ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಅಷ್ಟೊತ್ತಿಗೆ ಕಪ್ಪಾಗಿತ್ತು.

"ಇದು ಉದುರೋಗ್ತದೆ. ಬುಡದಲ್ಲಿ ಒಸದು ಬತ್ತದೆ. ಅಲ್ಲೂ ಇದೇ ಕೆಲ್ಸ ನಡೀತಿರ್ತದೆ, ನಿನ್ನ ಕೇಳದೆ."

ತೀರ್ಮಾನ ಮಾಡಿದ್ದು ಬೆಳಗೊಳದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆಯ ಏರಿಯ ಮೇಲೆ ಒಂದು ಟ್ರಾಕ್ಟರು ಕಬ್ಬು ಚೆಲ್ಲಿಕೊಂಡು ಅಡ್ಡ ನಿಂತಿದ್ದಾಗ. ನಾಗಮಂಗಲಕ್ಕೆ ಮಾತ್ರ ಹೊಸದು ಮಾಡಿಕೊಟ್ಟರೆ ಸಾಕಿತ್ತು. ಉಳಿದ ಮೂವರು ಬಾಟಲಿ ತೆರೆದೂ ನೋಡಿರಲಿಲ್ಲ. ಆದರೆ ಆ ಬಾಟಲಿಗಳ ಮೇಲೆ ಇದ್ದದ್ದು ನನ್ನ ಹೆಸರು. ಒಳ್ಳೆಯತನ ಅಂತ ತಿಳಿಯಬೇಡಿ, ನಾನು ಅಂಥವನಲ್ಲ. ಒಂದು ಕಡೆ ಕೆಟ್ಟ ಮಾಲು ಅಂತ ಆದರೆ ನಾಲ್ಕು ತಾಲ್ಲೂಕಿಗೂ ಗೊತ್ತಾಗಲು ಒಂದು ಚಹಾದ ಹೊತ್ತು ಸಾಕು. ನಾಲ್ಕನ್ನೂ ವಾಪಸು ತರುವುದು, ಒಂದು ತುದಿಯನ್ನಾದರೂ ನಾನೇ ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾವ ಬಾಟಲಿಗೂ ಚೀಟಿ ಅಂಟಿಸದಿರುವುದು ಅಂತ ನಿಶ್ಚಯಿಸಿದೆ. ಕಬ್ಬು ಎತ್ತಿ ದಾರಿ ಬಿಟ್ಟರು.

ಮಂಡಿಯಲ್ಲಿ ವ್ಯಾಪಾರಿ ನನ್ನನ್ನು ನೋಡಿ, "ಏನಣ್ಣ, ಸಿಂಹಾಸನದ ಮ್ಯಾಲೆ ಇಟ್ಟ ಈರುಳ್ಳಿ ಎಂಗವೆ?" ಅಂದ.

"ಆ ಮೂಲೇಲಿದ್ದ ಅಳೇ ಮಾಲು ಐತಾ?"

"ಓ, ಗಡ್ಡದವು? ಐತೆ. ಅವತ್ತು ಅರ್ಧ ರೇಟು ಅಂದೆ. ಇವತ್ತು ನೀನಾಗೇ ಉಡುಕ್ಕೊಂಡು ಬಂದಿದೀಯ, ಪೂರ್ತಿ ರೇಟು."

"ಒಂದು ಮೂಟೆ ಹಾಕು."

ಅವನು ತಕ್ಕಡಿ ಹಿಡಿದವನು ನಿಲ್ಲಿಸಿ ನನ್ನ ಮುಖ ನೋಡಿದ. "ಯಾಕಣ್ಣ, ಮೈಗೆ ಉಸಾರಿಲ್ವಾ?"

ಅದರ ಮಾರನೆಯ ದಿನ ಬಾಟಲಿಗಳನ್ನು ವಾಪಸು ತರಲು ಹೊರಟೆ. ಶೀಳನೆರೆಯ ಕಡೆಯ ಉಪನ್ಯಾಸಕರು ಬೀರುವಿನ ಒಳಗೆ ಇಟ್ಟ ಬಾಟಲಿಯನ್ನು ಹಾಗೆಯೇ ತಂದುಕೊಟ್ಟು, "ಯಾಕ್ ತಲೆ ಕೆಡಿಸ್ಕತೀಯಪ್ಪ, ಅಳೇ ಸ್ಲೈಡು ಅವೆ, ಎಂಗೋ ಆಯ್ತದೆ ಬುಡು" ಅಂದರು. ಆ ಹೊತ್ತಿಗೆ ಎರಡು ದಿನ ಓಡಾಡಿ ಸೊಂಟ ಬಿದ್ದುಹೋಗಿತ್ತು. "ಬುಡು" ಅಂದದ್ದು ಬಹಳ ಹಿತವಾಗಿ ಕೇಳಿಸಿತು. ಆದರೂ ಬಾಟಲಿ ಜೇಬಿಗೆ ಹಾಕಿಕೊಂಡು ಬಂದೆ.

ಹಳೇ ಗೆಡ್ಡೆಗಳು ಮೂರನೆಯ ದಿನಕ್ಕೇ ಬೇರು ಇಳಿಸಿದವು. ಅಬ್ಬಾ ಅಂದುಕೊಂಡೆ. ಆದರೆ ಬೇಗ ಬರಲಿ ಅನ್ನುವ ಆಸೆಗೆ ನಾನು ಅವನ್ನು ನೀರಿನಲ್ಲಿ ಅರ್ಧಕ್ಕೆ ಮುಳುಗಿಸಿ ಇಟ್ಟಿದ್ದೆ. ನೀರನ್ನೂ ಬದಲಾಯಿಸಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹಜಾರದ ಬಾಗಿಲು ತೆಗೆದರೆ ನಾತ. ತಳವೆಲ್ಲ ಲೋಳೆ ಹಿಡಿದು ಕೊಳೆತಿತ್ತು. ಬೇರು ಮುಟ್ಟಿದರೆ ಕೈಗೆ ಬರುತ್ತಿತ್ತು. ತಂದ ಮೂಟೆಯಲ್ಲಿ ಮುಕ್ಕಾಲು ಭಾಗ ತಿಪ್ಪೆಗೆ ಹೋಯಿತು. ಪರೀಕ್ಷೆಗೆ ಏಳು ದಿನ.

ನಾನು ಜಗುಲಿಯ ಮೇಲೆ ಕುಳಿತುಬಿಟ್ಟೆ. ಬಿಟ್ಟುಬಿಡೋಣ ಅನ್ನಿಸಿದ್ದು ಅವತ್ತೇ. ನಮ್ಮನೆಯವಳು ಕಾಫಿ ತಂದಿಟ್ಟು, ಉಳಿದ ಗೆಡ್ಡೆಗಳಲ್ಲಿ ಒಂದನ್ನು ತಿರುಗಿಸಿ ನೋಡಿದಳು.

"ಇದನ್ನ ಸ್ನಾನ ಮಾಡ್ಸಕ್ಕೆ ಇಟ್ಟಿದ್ರಾ? ತಳ ಒದ್ದೆ ಆದ್ರೆ ಸಾಕಲ್ವಾ. ನೀವು ಎದ್ದೇಳಿ, ಹೋಗಿ ಊದುಬತ್ತಿ ಕಡ್ಡಿ ಥರ ನಾಲ್ಕು ಬಿದಿರು ಕಡ್ಡಿ ಸೀಳ್ಕೊಂಡ್ಬನ್ನಿ."

ಅವಳು ಗೆಡ್ಡೆಯ ಬದಿಗೆ ಮೂರು ಕಡ್ಡಿ ಚುಚ್ಚಿ ಲೋಟದ ಬಾಯಿಯ ಮೇಲೆ ಕೂರಿಸಿದಳು, ತಳ ನೀರಿಗೆ ಸೋಕುವಷ್ಟು ಮಾತ್ರ. ನಾನು ಬ್ಲೇಡಿನಿಂದ ಹಳೆಯ ಒಣಬೇರು ಕೆರೆದು ಕೊಟ್ಟೆ, ತಳದ ಬಿಲ್ಲೆಗೆ ಗಾಯವಾಗದಂತೆ. ಉಳಿದ ಕಾಲು ಮೂಟೆಯನ್ನೂ ಹಾಗೆಯೇ ಕೂರಿಸಿದೆವು. ದಿನಕ್ಕೆ ಎರಡು ಸಲ ನೀರು ಬದಲಾಯಿಸುವ ಕೆಲಸವನ್ನು ಅವಳೇ ವಹಿಸಿಕೊಂಡಳು. ನನ್ನ ಮೇಲೆ ನಂಬಿಕೆಯಿಲ್ಲ ಅಂತ ಬಾಯಿಬಿಟ್ಟೇ ಹೇಳಿದಳು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬೇರುಗಳು ಕಿರುಬೆರಳಿನ ಅರ್ಧದಷ್ಟು ಉದ್ದ ಬಂದಿದ್ದವು, ಬೆಳ್ಳಗೆ, ತುದಿಯಲ್ಲಿ ಸ್ವಲ್ಪ ಹಳದಿ. ಅವತ್ತು ಆರು ಗಂಟೆಗೆ ಒಂದಷ್ಟು, ಏಳಕ್ಕೆ ಒಂದಷ್ಟು, ಎಂಟಕ್ಕೆ, ಒಂಬತ್ತಕ್ಕೆ ಅಂತ ನಾಲ್ಕು ಬಾಟಲಿಗೆ ಬೇರೆಬೇರೆ ಕತ್ತರಿಸಿ ಹಾಕಿದೆ. ಪೂರ್ತಿ ಒಂದು ದಿನ ಬಿಡಬೇಕು ಅನ್ನುತ್ತಾರೆ. ನನಗೆ ತಡೆಯಲಾಗಲಿಲ್ಲ, ಮಧ್ಯಾಹ್ನದ ನಂತರ ತೆಗೆದೆ. ಮನೆಯಲ್ಲಿ ಒಂದು ಹಳೆಯ ಮೈಕ್ರೋಸ್ಕೋಪಿತ್ತು, ಯಾರೋ ಹೊಸದು ಕೊಂಡಾಗ ಹಳೆಯದನ್ನು ಬದಲಿಗೆ ಕೊಟ್ಟಿದ್ದರು. ಕಿಟಕಿಯ ಹತ್ತಿರ ಇಟ್ಟುಕೊಂಡೆ.

ಆರರ ಬೇರಿನಲ್ಲಿ ಎರಡಾಗುತ್ತಿರುವ ಒಂದು ಕೋಶ ಇತ್ತೇನೋ, ಖಾತ್ರಿಯಿಲ್ಲ. ಏಳರದ್ದನ್ನು ಒತ್ತುವಾಗ ಹೆಬ್ಬೆರಳು ಜಾರಿ ಕೋಶಗಳೆಲ್ಲ ಸುರುಳಿ ಸುತ್ತಿಕೊಂಡವು, ಹೋಯಿತು. ಮತ್ತೆ ಮಾಡಿದೆ. ಎರಡು ಸಿಕ್ಕಿದವು. ಎಂಟರದ್ದಕ್ಕೆ ಕಣ್ಣು ಹಾಕಿದವನು ಬಹಳ ಹೊತ್ತು ತೆಗೆಯಲಿಲ್ಲ.

ಒಂದರಲ್ಲಿ ದಾರಗಳು ಉಂಡೆ ಉಂಡೆಯಾಗಿ ದಪ್ಪಗಾಗುತ್ತಿದ್ದವು. ಪಕ್ಕದ್ದರಲ್ಲಿ ಅವೆಲ್ಲ ಕೋಶದ ನಟ್ಟನಡುವೆ ಬಂದು ಸಾಲುಹಿಡಿದು ನಿಂತಿದ್ದವು. ಸ್ವಲ್ಪ ಕೆಳಗೆ, ಒದ್ದೆ ಸೀರೆಯನ್ನು ಇಬ್ಬರು ಆಚೆ ಈಚೆ ಹಿಡಿದು ಎಳೆಯುವ ಹಾಗೆ, ಎರಡು ಗುಂಪು ಎರಡು ತುದಿಗೆ ಹೊರಟಿತ್ತು. ಇನ್ನೊಂದು ಕಡೆ ಎರಡೂ ಗುಂಪು ಊರು ಸೇರಿ ಆಗಿತ್ತು, ನಡುವೆ ತೆಳ್ಳಗೆ ಹೊಸ ಗೋಡೆ ಏಳುತ್ತಿತ್ತು. ಈರುಳ್ಳಿಗೆ ಹದಿನಾರು ವರ್ಣತಂತು ಅನ್ನುತ್ತಾರೆ. ಎಣಿಸಲು ಹೋದೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ಬಿಟ್ಟೆ. ಒಂಬತ್ತು ಗಂಟೆಯ ಬೇರಿನಲ್ಲಿ ಇದರ ಅರ್ಧವೂ ಸಿಗಲಿಲ್ಲ. ಇಷ್ಟು ವರ್ಷ ಈ ಚಿತ್ರವನ್ನು ಚಾರ್ಟಿನಲ್ಲಿ ಸುತ್ತಿ ಸುತ್ತಿ ಮಾರಿದ್ದೇನೆ. ಇದು ನಮ್ಮ ಹಜಾರದ ಲೋಟದಲ್ಲೂ ನಡೆಯುವ ಕೆಲಸ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ನಮ್ಮನೆಯವಳನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಇದಕ್ಕಾ ಇಷ್ಟ್ ದಿನ?" ಅಂದಳು. ಆಮೇಲೆ ನನ್ನ ಬೆರಳು ನೋಡಿ, "ಗೋರಂಟಿ ಹಾಕ್ಕಂಡಂಗೆ ಆಗವೆ, ತೊಳ್ಕೊಳಿ" ಅಂದಳು. ಆದರೆ ಎದ್ದು ಹೋಗುವ ಮೊದಲು ಇನ್ನೊಂದು ಸಲ ಬಗ್ಗಿ ನೋಡಿದಳು.

ಮಾರನೆಯ ಬೆಳಿಗ್ಗೆ ಏಳೂಮುಕ್ಕಾಲರಿಂದ ಎಂಟೂಕಾಲರ ಒಳಗೆ ಇಬ್ಬರೂ ಕುಳಿತು ಎಲ್ಲ ಬೇರನ್ನೂ ಕತ್ತರಿಸಿದೆವು. ಒಂದು ದಿನ ಬಿಟ್ಟು ಆಲ್ಕೊಹಾಲಿಗೆ ಬದಲಾಯಿಸಿ, ಪ್ರತಿ ಬಾಟಲಿಯಿಂದ ಒಂದು ತುದಿ ತೆಗೆದು ನೋಡಿ, ಆಮೇಲೆ ಚೀಟಿ ಅಂಟಿಸಿದೆ. ಒಂದು ಬಾಟಲಿಯಲ್ಲಿ ಎಷ್ಟು ನೋಡಿದರೂ ಗೋಡೆಯೇ. ಅದನ್ನು ಚೆಲ್ಲಿದೆ. ನಾಗಮಂಗಲದ್ದೇ ಮೊದಲ ಪರೀಕ್ಷೆ. ಹಿಂದಿನ ದಿನ ಹೋಗಿ ಬಾಟಲಿ ಕೊಟ್ಟು, ತುದಿಯ ಎಳ್ಳುಕಾಳಿನಷ್ಟನ್ನು ಮಾತ್ರ ತೆಗೆಯಬೇಕು, ಹೆಬ್ಬೆರಳನ್ನು ನೇರ ಒತ್ತಬೇಕು, ಜಾರಿಸಬಾರದು ಅಂತ ಹುಡುಗಿಯರಿಗೆ ನಾನೇ ತೋರಿಸಿದೆ. ಕಪ್ಪು ಉಗುರು ನೋಡಿ ಅವರು ನಗಲಿಲ್ಲ.

ಪರೀಕ್ಷೆಯ ದಿನ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಲ್ಯಾಬಿನ ಹೊರಗೆ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಕುಳಿತಲ್ಲೇ ಎರಡು ಸಲ ತೂಕಡಿಸಿದೆ. ಮಧ್ಯಾಹ್ನ ಮೇಡಂ ಹೊರಗೆ ಬಂದಾಗ ಅವರ ಮುಖದಲ್ಲೂ ನನ್ನಷ್ಟೇ ನಿದ್ದೆ ಇತ್ತು.

"ಎಲ್ರಿಗೂ ಸಿಗಲಿಲ್ಲ ಅಣ್ಣ" ಅಂದರು.

ನಾನು ಕಲ್ಲಿನಿಂದ ಎದ್ದು ನಿಂತೆ.

"ಐದಾರು ಜನ ಬಿಟ್ರೆ ಎಲ್ರಿಗೂ ಸಿಕ್ತು. ಎರಡು ಜಡೆಯವಳಿಗೆ ಸಿಗಲಿಲ್ಲ. ಪರೀಕ್ಷಕರು ನೋಡಿದ್ರು. ಎಲ್ಲಮ್ಮ ಕೋಶವಿಭಜನೆ, ಬರೀ ಇಂಟರ್‌ಫೇಸ್ ಇದೆಯಲ್ಲ ಅಂದ್ರು. ಅವಳು ಹೆದರಲಿಲ್ಲ. ಸಾರ್, ಇವಕ್ಕೆ ಇನ್ನೂ ಹೊತ್ತು ಬಂದಿರ್ಲಿಲ್ಲ, ಬೆಳೀತಾ ಇದ್ವು, ಇನ್ನೊಂದು ತುದಿ ಕೊಡಿ ಹುಡುಕ್ತೀನಿ ಅಂದ್ಳು."

"ಆಮೇಲೆ?"

"ಕೊಟ್ರು. ಎರಡನೇದ್ರಲ್ಲಿ ಸಿಕ್ತು. ಅವ್ರು ಬೇರೆ ಹುಡುಗೀರನ್ನೂ ಕರೆದು ಅದನ್ನೇ ತೋರ್ಸಿದ್ರು. ಹೋಗೋವಾಗ ಪ್ರಿನ್ಸಿಪಾಲ್ರ ಹತ್ರ, ಮಕ್ಳ ಕೈಲಿ ಮಾಡ್ಸಿದಾರೆ, ಚೆನ್ನಾಗಿದೆ ಅಂದ್ರಂತೆ." ಇಷ್ಟು ಹೇಳಿ ಮೇಡಂ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡರು. ಮುಂದಿನ ವರ್ಷ ಅವರನ್ನು ಮುಂದುವರಿಸುತ್ತಾರೋ ಇಲ್ಲವೋ, ಅದು ಆ ಮಾತಿನಿಂದ ತೀರ್ಮಾನವಾಗಲಿಲ್ಲ. ಆದರೆ ಅದು ಹೋಗುವುದಾದರೆ ನನ್ನ ಈರುಳ್ಳಿಯಿಂದ ಹೋಗುವುದಿಲ್ಲ. ನನಗೆ ಅಷ್ಟು ಸಾಕಿತ್ತು. ಪಾಂಡವಪುರ, ಶ್ರೀರಂಗಪಟ್ಟಣದಲ್ಲೂ ಬೇರುಗಳು ಕೈಕೊಡಲಿಲ್ಲ. ಶೀಳನೆರೆಯವರು ಮಾತ್ರ ಕೊನೆಗೂ ಹಳೇ ಸ್ಲೈಡನ್ನೇ ಇಟ್ಟರಂತೆ.

ನೀವೂ ಈ ಕೆಲಸಕ್ಕೆ ಕೈ ಹಾಕುವವರಾದರೆ ಕೇಳಿ. ನೋಡಲು ಚೆಂದವಾದ ಹೊಸ ಗೆಡ್ಡೆಯನ್ನು ಸಾರಿಗೆ ಇಟ್ಟುಕೊಳ್ಳಿ. ಬೇರಿಗೆ ಬೇಕಾದದ್ದು ಮೊಳಕೆ ತೋರಿಸುತ್ತಿರುವ ಹಳೆಯದು. ತಳ ನೀರಿಗೆ ಸೋಕಿದರೆ ಸಾಕು, ನೀರು ದಿನಕ್ಕೆರಡು ಸಲ ಬದಲಾಗಬೇಕು. ನಿಮ್ಮ ಕೈಲಾಗದಿದ್ದರೆ ಕೈಲಾಗುವವರನ್ನು ಕೇಳಿ, ಅವರು ಮನೆಯಲ್ಲೇ ಇರುತ್ತಾರೆ. ಎರಡು ದಿನ ಮುಂಚೆಯೇ ನಿಮ್ಮ ಮನೆಯ ಬೇರಿಗೆ ಯಾವ ಗಂಟೆ ಸರಿ ಅಂತ ಕತ್ತರಿಸಿ ನೋಡಿಕೊಳ್ಳಿ, ನನ್ನ ಎಂಟು ಗಂಟೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಪ್ರತಿ ಮಗುವಿಗೂ ಒಂದಲ್ಲ, ಮೂರು ತುದಿ ಲೆಕ್ಕಕ್ಕೆ ಕೊಡಿ, ಏಕೆಂದರೆ ಒಂದರಲ್ಲಿ ಸಿಗದೆ ಹೋಗುವುದು ತಪ್ಪಲ್ಲ. ಒತ್ತುವಾಗ ಗಾಜಿನ ಮೇಲೆ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಎರಡು ಸಾಲದು. ಮತ್ತೆ ಮಂಡಿಯ ಮೂಲೆಯಲ್ಲಿ ಗಡ್ಡ ಬಿಟ್ಟ ಮಾಲು ಅರ್ಧ ರೇಟಿಗೆ ಸಿಕ್ಕಾಗ ಅಲ್ಲೇ ಎತ್ತಿಕೊಂಡು ಬನ್ನಿ. ಎರಡನೆಯ ಸಲ ಹೋದರೆ ಅವನಿಗೆ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ.